ಸರಸ್ವತೀ ಭಂಡಾರದಿಂದ ಗಣಕದ ಗ್ರಂಥಾಲಯದವರೆಗೆ

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯನ್ನು ನಮ್ಮ ಕಡೆಯವರು ಹೆಚ್ಚಾಗಿ ಬಲ್ಲುದು ಎಲ್ಲಮ್ಮನ ಗುಡಿಯಿಂದ. ಅರವತ್ತು ಕಂಬದ ಗುಡಿಯನ್ನು ನೋಡಿ ಬಂದವರೂ ಇದ್ದಾರೆ. ಆದರೆ ಅಲ್ಲಿಯ 1058ರ ಶಾಸನದಲ್ಲಿ ಏನಿದೆಯೆಂಬುದನ್ನು ಬಲ್ಲವರು ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ ಮಧುಸೂದನನೆಂಬ ದಂಡನಾಯಕನು ಅಲ್ಲಿ ಘಟಿಕಾಸ್ಥಾನವೊಂದಕ್ಕೆ ವ್ಯವಸ್ಥೆ ಮಾಡಿದ ಸಂಗತಿ ಅದರಲ್ಲಿದೆ. ವೇದ ಓದುವವರು ಇನ್ನೂರು ಮಂದಿ, ಶಾಸ್ತ್ರ ಓದುವವರು ಸುಮಾರು ಐವತ್ತು ಮಂದಿ, ಅವರಿಗೆ ಉಪಾಧ್ಯಾಯರು, ಇವರೆಲ್ಲರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಸರಸ್ವತೀ ಭಂಡಾರವೆಂದರೆ ಪುಸ್ತಕಗಳ ಕೋಶ. ಭಂಡಾರಿಗರೆಂದರೆ ಆ ಕೋಶವನ್ನು ಕಾಯುವವರು, ಇಂದಿನ ಮಾತಿನಲ್ಲಿ ಗ್ರಂಥಪಾಲಕರು.

ಇನ್ನೂರೈವತ್ತು ಮಂದಿ ಓದುವವರಿಗೆ ಆರು ಮಂದಿ ಗ್ರಂಥಪಾಲಕರು! ಇಂದು ಅಷ್ಟೇ ಮಕ್ಕಳಿರುವ ಪ್ರೌಢಶಾಲೆಯಲ್ಲಿ ಒಬ್ಬ ಗ್ರಂಥಪಾಲಕನಿರುವುದೂ ಅಪರೂಪ. ಗ್ರಂಥವಿದ್ದರೆ ಸಾಲದು, ಅದು ಓದುವವನ ಕೈಗೆ ಹೊತ್ತಿಗೆ ಸರಿಯಾಗಿ ಬರಬೇಕು ಎಂಬ ಅರಿವು ಆ ಕಾಲದವರಿಗೆ ಇದ್ದಿರಬೇಕು. ಇದೇ ಅರಿವನ್ನು ಗಣಕಯಂತ್ರದ ಲೋಕವು ತಡವಾಗಿ, ಕಷ್ಟಪಟ್ಟು ಸಂಪಾದಿಸಿದ ಕಥೆಯನ್ನು ಇಲ್ಲಿ ಬರೆಯಬೇಕೆಂದಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಅವರಿಗೆ ಇದರ ತಾಂತ್ರಿಕ ಭಾಗ ಗೊತ್ತಿದ್ದೀತು, ಇತಿಹಾಸ ಗೊತ್ತಿರಲಿಕ್ಕಿಲ್ಲ. ಬಂಧುಗಳಲ್ಲಿ ಅನೇಕರಿಗೆ ಎರಡೂ ಹೊಸದು. ಇಬ್ಬರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಗಣಕದವರು ಕೂಡ ಲೈಬ್ರರಿ ಎಂಬ ಮಾತನ್ನೇ ಬಳಸುತ್ತಾರೆ. ಅದು ಬರಿಯ ಅಲಂಕಾರಕ್ಕೆ ಬಂದ ಮಾತಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ಎಡ್ಸ್ಯಾಕ್ ಯಂತ್ರವು 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ವರ್ಗಮೂಲ ತೆಗೆಯುವುದು, ಉತ್ತರವನ್ನು ಅಚ್ಚು ಮಾಡುವುದು ಮೊದಲಾದ ಕೆಲಸಗಳು ಪ್ರತಿ ಲೆಕ್ಕದಲ್ಲೂ ಮರಳಿ ಮರಳಿ ಬರುತ್ತವೆ. ಪ್ರತಿಯೊಬ್ಬನೂ ಅವನ್ನು ಹೊಸದಾಗಿ ಬರೆಯುವ ಬದಲು, ಒಮ್ಮೆ ಸರಿಯಾಗಿ ಬರೆದು, ರಂಧ್ರ ಕೊರೆದ ಕಾಗದದ ಪಟ್ಟಿಗಳ ರೂಪದಲ್ಲಿ ಕಪಾಟಿನಲ್ಲಿ ಜೋಡಿಸಿ ಇಟ್ಟರು. ಬೇಕಾದವರು ಪಟ್ಟಿಯನ್ನು ತಂದು, ತಮ್ಮ ಪ್ರೋಗ್ರಾಮಿನ ಪಟ್ಟಿಯಲ್ಲಿ ಅದರ ನಕಲನ್ನು ಸೇರಿಸಿಕೊಳ್ಳುತ್ತಿದ್ದರು. ಹೀಗೆ ಎರವಲು ತಂದ ತುಣುಕು ಯಂತ್ರದ ಸ್ಮೃತಿಯಲ್ಲಿ ಯಾವ ಸ್ಥಾನದಲ್ಲಿ ಕುಳಿತರೂ ಅದರೊಳಗಿನ ವಿಳಾಸಗಳು ಸರಿಹೊಂದುವಂತೆ ಡೇವಿಡ್ ವ್ಹೀಲರ್ ಎಂಬ ತರುಣ ಯುಕ್ತಿಯೊಂದನ್ನು ಅಳವಡಿಸಿದ. ವಿಲ್ಕ್ಸ್, ವ್ಹೀಲರ್ ಮತ್ತು ಗಿಲ್ ಈ ಪದ್ಧತಿಯನ್ನು ವಿವರಿಸಿ 1951ರಲ್ಲಿ ಪುಸ್ತಕವನ್ನೇ ಬರೆದರು. ತುಣುಕನ್ನು ತರುವುದು, ಅದರ ವಿಳಾಸಗಳನ್ನು ಹೊಂದಿಸುವುದು ಎಂಬ ಈ ಎರಡು ಕೆಲಸಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇವೆರಡರ ಸುತ್ತಲೇ ಇದೆ.

ಎಡ್ಸ್ಯಾಕಿನ ಪದ್ಧತಿಯಲ್ಲಿ ಪ್ರತಿಯೊಂದು ಪ್ರೋಗ್ರಾಮೂ ತನಗೆ ಬೇಕಾದ ತುಣುಕುಗಳ ನಕಲನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿರುತ್ತಿತ್ತು. ಪ್ರೋಗ್ರಾಮುಗಳು ದೊಡ್ಡವಾದಂತೆ ಇದು ದುಬಾರಿಯಾಯಿತು. ಹತ್ತು ಪ್ರೋಗ್ರಾಮುಗಳು ನಡೆದಿದ್ದರೆ ಒಂದೇ ತುಣುಕಿನ ಹತ್ತು ನಕಲುಗಳು ಸ್ಮೃತಿಯಲ್ಲಿ ಕೂಡುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರೂಪುಗೊಂಡ ಮಲ್ಟಿಕ್ಸ್ ವ್ಯವಸ್ಥೆಯು ಇದಕ್ಕೆ ಬೇರೊಂದು ದಾರಿ ತೋರಿಸಿತು: ಗ್ರಂಥಾಲಯ ಹೊರಗೇ ಇರಲಿ, ಪ್ರೋಗ್ರಾಮು ನಡೆಯುವಾಗ ಬೇಕೆನಿಸಿದ ಕ್ಷಣದಲ್ಲಿ ಅದಕ್ಕೆ ಜೋಡಿಸಿದರಾಯಿತು. 1985ರ ಮೊದಲ ವಿಂಡೋಸ್‌ನಲ್ಲಿ ಡಿ.ಎಲ್.ಎಲ್. ಕಡತಗಳಾಗಿ, 1988ರಲ್ಲಿ ಸನ್ ಕಂಪನಿಯ ಸನ್ಓಎಸ್ 4ರಲ್ಲಿ ಹಂಚಿಕೆಯ ಗ್ರಂಥಾಲಯಗಳಾಗಿ ಈ ಪದ್ಧತಿಯು ಸಾಮಾನ್ಯರ ಯಂತ್ರಗಳತ್ತ ಬಂದಿತು.

ಇದರ ಲಾಭನಷ್ಟಗಳನ್ನು ತಿಳಿಯಲು ನಮ್ಮ ವಾಡಿ ಜಂಕ್ಷನ್ ಸಾಕು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬಯಿ–ಮದ್ರಾಸು ದಾರಿಯನ್ನು ಕೂಡಿತು. ಅಂದಿನಿಂದ ಸೇಡಂ, ಚಿತ್ತಾಪುರದವರಿಗೆ ವಾಡಿಯಲ್ಲಿ ಇಳಿದು ಗಾಡಿ ಬದಲಿಸುವುದು ಅಭ್ಯಾಸವಾಗಿದೆ. ಪ್ರತಿ ಊರಿನಿಂದ ಪ್ರತಿ ಊರಿಗೂ ನೇರ ಗಾಡಿ ಬಿಡುವುದು ಯಾವ ರೈಲ್ವೆಗೂ ಸಾಧ್ಯವಿಲ್ಲ. ಜಂಕ್ಷನ್ ಇದ್ದರೆ ಗಾಡಿಗಳು ಉಳಿಯುತ್ತವೆ, ಆದರೆ ಪ್ರಯಾಣಿಕನ ಹೊತ್ತು ಪ್ಲಾಟ್‌ಫಾರಮ್ಮಿನ ಮೇಲೆ ಕಳೆಯುತ್ತದೆ. ಹಂಚಿಕೆಯ ಗ್ರಂಥಾಲಯದಲ್ಲಿಯೂ ಸ್ಮೃತಿ ಉಳಿಯಿತು, ಡಿಸ್ಕಿನ ಜಾಗ ಉಳಿಯಿತು, ಒಂದು ಕಡೆ ದೋಷ ತಿದ್ದಿದರೆ ಎಲ್ಲ ಪ್ರೋಗ್ರಾಮುಗಳಿಗೂ ಅದರ ಲಾಭ ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಮಾತ್ರ ಬಳಸುವವನ ಹೊತ್ತು. ಗುಂಡಿ ಒತ್ತಿದ ಮೇಲೆ ಪ್ರೋಗ್ರಾಮು ತೆರೆದುಕೊಳ್ಳುವವರೆಗೆ ಆತ ಕಾಯುತ್ತ ಕೂಡಬೇಕಾಯಿತು.

ಈ ಹೊತ್ತು ಹೋಗುತ್ತಿದ್ದುದು ಎಲ್ಲಿ? ಬಹುಮಟ್ಟಿಗೆ ಲೆಕ್ಕ ಮಾಡುವುದರಲ್ಲಿ ಅಲ್ಲ, ತರುವುದರಲ್ಲಿ. 1956ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತಟ್ಟೆ ಸುತ್ತುತ್ತಿರುತ್ತದೆ, ತೋಳೊಂದು ಬೇಕಾದ ಜಾಗಕ್ಕೆ ಸರಿದು ಓದುತ್ತದೆ. ಮುಂದಿನ ಐವತ್ತು ವರ್ಷಗಳಲ್ಲಿ ಡಿಸ್ಕು ಚಿಕ್ಕದಾಯಿತು, ಅದರ ಹೊಟ್ಟೆ ಲಕ್ಷಪಟ್ಟು ದೊಡ್ಡದಾಯಿತು, ಆದರೆ ತೋಳು ತೋಳಾಗಿಯೇ ಉಳಿಯಿತು. 2000ದ ದಶಕದ ಸಾಮಾನ್ಯ ಡಿಸ್ಕು ನಿಮಿಷಕ್ಕೆ 7200 ಸುತ್ತು ತಿರುಗುತ್ತಿತ್ತು. ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ತೋಳು ಸರಿಯುವುದಕ್ಕೆ ಸುಮಾರು 9 ಮಿಲಿಸೆಕೆಂಡು, ಒಟ್ಟು 13 ಮಿಲಿಸೆಕೆಂಡು ಎನ್ನೋಣ. ಒಮ್ಮೆ ಜಾಗಕ್ಕೆ ಹೋದ ಮೇಲೆ ಸಾಲಾಗಿ ಓದುವುದಾದರೆ ಅದೇ ಡಿಸ್ಕು ಸೆಕೆಂಡಿಗೆ 50 ಮೆಗಾಬೈಟು ಓದಬಲ್ಲದು. ಹಾಗಾದರೆ 13 ಮಿಲಿಸೆಕೆಂಡಿನಲ್ಲಿ 650 ಕಿಲೋಬೈಟು. ಗಣಕವು ಸ್ಮೃತಿಯನ್ನು 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸುತ್ತದೆ. ಎಂದರೆ, ಬೇರೆಲ್ಲಿಯೋ ಇರುವ ಒಂದು ಪುಟಕ್ಕಾಗಿ ತೋಳು ಓಡುವ ಹೊತ್ತಿನಲ್ಲಿ, ಸಾಲಾಗಿ ಇಟ್ಟಿದ್ದರೆ ನೂರರವತ್ತು ಪುಟ ಓದಿ ಮುಗಿಯುತ್ತಿತ್ತು.

ಈ ಲೆಕ್ಕವನ್ನು ಮುಂದುವರಿಸಿರಿ. ಪ್ರೋಗ್ರಾಮೊಂದಕ್ಕೆ ಆರಂಭದಲ್ಲಿ ಸಾವಿರ ಪುಟಗಳು ಬೇಕು, ಅವು ಡಿಸ್ಕಿನ ತುಂಬ ಚದುರಿವೆ ಎಂದರೆ 13 ಸೆಕೆಂಡು ಬೇಕು. ಅವೇ ಸಾವಿರ ಪುಟಗಳು ಒಂದರ ಪಕ್ಕ ಒಂದು ಇದ್ದರೆ ಸೆಕೆಂಡಿನ ಹತ್ತನೆಯ ಒಂದು ಪಾಲೂ ಬೇಡ. ಯಂತ್ರ ಅದೇ, ಪ್ರೋಗ್ರಾಮು ಅದೇ, ಬದಲಾದದ್ದು ಜೋಡಣೆ ಮಾತ್ರ. ಚಿಂಚೋಳಿಯ ಕಿರಾಣಿ ಅಂಗಡಿಯವನು ಸಕ್ಕರೆಗೆ ಒಮ್ಮೆ, ಬೆಲ್ಲಕ್ಕೆ ಒಮ್ಮೆ, ಉಪ್ಪಿಗೆ ಒಮ್ಮೆ ಎಂದು ಕಲಬುರಗಿಯ ಪೇಟೆಗೆ ಹೋಗಿಬಂದರೆ ಅಂಗಡಿ ತೆರೆಯುವುದು ಯಾವಾಗ? ಯಾದಿ ಬರೆದುಕೊಂಡು ಒಂದೇ ಸಲ ಹೋಗುವವನೇ ಜಾಣ. ಗಣಕದ ಪ್ರೋಗ್ರಾಮು ಬಹಳ ಕಾಲ ಯಾದಿಯಿಲ್ಲದ ಅಂಗಡಿಯವನಂತೆ ನಡೆದುಕೊಂಡಿತು.

ಹಾಗಿದ್ದರೂ ತಂತ್ರಾಂಶ ಬರೆಯುವವರಿಗೆ ಇದು ಬೇಗ ಕಣ್ಣಿಗೆ ಬೀಳಲಿಲ್ಲ. ಅದಕ್ಕೆ ಕಾರಣವಿದೆ. ಒಮ್ಮೆ ಡಿಸ್ಕಿನಿಂದ ತಂದ ಪುಟಗಳನ್ನು ಗಣಕವು ಸ್ಮೃತಿಯಲ್ಲಿ ಜಾಗವಿರುವವರೆಗೆ ಇಟ್ಟುಕೊಂಡಿರುತ್ತದೆ. ಅದೇ ಪ್ರೋಗ್ರಾಮನ್ನು ಮತ್ತೆ ತೆರೆದರೆ ಡಿಸ್ಕಿಗೆ ಹೋಗುವ ಪ್ರಸಂಗವೇ ಇಲ್ಲ. ಹೀಗೆ ಎರಡನೆಯ ಸಲ ತೆರೆಯುವುದನ್ನು ವಾರ್ಮ್ ಸ್ಟಾರ್ಟ್ ಎಂದೂ, ಯಂತ್ರ ಹೊಸದಾಗಿ ಚಾಲೂ ಆದ ಮೇಲೆ ಮೊದಲ ಸಲ ತೆರೆಯುವುದನ್ನು ಕೋಲ್ಡ್ ಸ್ಟಾರ್ಟ್ ಎಂದೂ ಅವರು ಕರೆಯುತ್ತಾರೆ. ಪ್ರೋಗ್ರಾಮು ಬರೆಯುವವನು ದಿನಕ್ಕೆ ನೂರು ಸಲ ಅದನ್ನೇ ತೆರೆದು ಪರೀಕ್ಷಿಸುತ್ತಾನೆ. ಅವನ ಯಂತ್ರ ಹಗಲೆಲ್ಲ ಉರಿಯುತ್ತಿರುತ್ತದೆ, ಸ್ಮೃತಿಯೂ ಬೇಕಾದಷ್ಟು. ಅವನ ಪಾಲಿಗೆ ನೂರರಲ್ಲಿ ತೊಂಬತ್ತೊಂಬತ್ತು ಸಲ ವಾರ್ಮ್ ಸ್ಟಾರ್ಟೇ.

ನಮ್ಮ ಕಡೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. 2000ದ ದಶಕದಲ್ಲಿ ನಾನು ಕಂಡ ಶಾಲಾ ಗಣಕ ಕೊಠಡಿಗಳಲ್ಲಿ 128 ಮೆಗಾಬೈಟು ಸ್ಮೃತಿಯ ಯಂತ್ರಗಳಿದ್ದವು. ಒಂದು ಅವಧಿ 40 ನಿಮಿಷ. ಒಂದು ಯಂತ್ರದ ಮುಂದೆ ನಾಲ್ಕೈದು ಮಕ್ಕಳು. ಯಂತ್ರ ಎಚ್ಚರಾಗಲು ಕೆಲವು ನಿಮಿಷ, ಬರೆಯುವ ತಂತ್ರಾಂಶ ತೆರೆಯಲು ಇನ್ನೊಂದೆರಡು ನಿಮಿಷ, ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಬೆರಳಚ್ಚಿಸಲು ಆರಂಭಿಸುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಕರೆಂಟು ಮರಳಿದಾಗ ಸ್ಮೃತಿಯಲ್ಲಿದ್ದ ಪುಟಗಳೆಲ್ಲ ಅಳಿಸಿಹೋಗಿರುತ್ತಿದ್ದವು. ಮತ್ತೆ ಮೊದಲಿನಿಂದ, ಮತ್ತೆ ಡಿಸ್ಕಿನ ತೋಳಿನ ಓಟ. ನಮ್ಮ ಮಕ್ಕಳ ಪಾಲಿಗೆ ಪ್ರತಿಯೊಂದು ಆರಂಭವೂ ಕೋಲ್ಡ್ ಸ್ಟಾರ್ಟ್. ಸರತಿಯ ಕೊನೆಯಲ್ಲಿದ್ದ ಹುಡುಗಿಗೆ ಆ ವಾರ ಕೀಲಿಮಣೆ ಮುಟ್ಟುವ ಅವಕಾಶವೇ ಬರುತ್ತಿರಲಿಲ್ಲ. ಹತ್ತು ಸೆಕೆಂಡು ಉಳಿಸುವುದರಿಂದ ಏನಾದೀತು ಎಂದು ಕೇಳುವವರು ಈ ಹುಡುಗಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಪರಿಹಾರಗಳ ಇತಿಹಾಸ. ಜನಸಾಮಾನ್ಯರಿಗೆ ತಲುಪಿದ ಮೊದಲ ಪ್ರಯತ್ನಗಳಲ್ಲಿ ಒಂದು 1998ರ ವಿಂಡೋಸ್ 98ರಲ್ಲಿತ್ತು. ಯಾವ ಪ್ರೋಗ್ರಾಮು ಯಾವ ಭಾಗಗಳನ್ನು ಬಳಸುತ್ತದೆಂಬುದನ್ನು ಅದು ಗಮನಿಸಿಟ್ಟು, ಡಿಸ್ಕನ್ನು ಓರಣಗೊಳಿಸುವಾಗ ಆ ಭಾಗಗಳನ್ನು ಹತ್ತಿರ ಹತ್ತಿರ ಇಡುತ್ತಿತ್ತು. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಇನ್ನೂ ಮುಂದೆ ಹೋಯಿತು. ಪ್ರೋಗ್ರಾಮು ತೆರೆದ ಮೊದಲ ಹತ್ತು ಸೆಕೆಂಡುಗಳಲ್ಲಿ ಯಾವ ಯಾವ ಪುಟಗಳು ಬೇಕಾದವು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ತೆರೆದಾಗ ಕೇಳುವುದನ್ನು ಕಾಯದೆ ಅವನ್ನೆಲ್ಲ ಒಟ್ಟಿಗೆ ತರುತ್ತದೆ. ಅಂಗಡಿಯವನ ಕೈಗೆ ಕೊನೆಗೂ ಯಾದಿ ಬಂದಿತು. ಈ ಯಾದಿಗಳನ್ನು ಪ್ರೀಫೆಚ್ ಎಂಬ ಕಡತಕೋಶದಲ್ಲಿ ಇಡಲಾಗುತ್ತಿತ್ತು. ವಿನೋದವೆಂದರೆ, ಆ ಕೋಶವನ್ನು ಖಾಲಿ ಮಾಡಿದರೆ ಗಣಕ ಚುರುಕಾಗುತ್ತದೆಂಬ ನಂಬಿಕೆ ಬಹಳ ಕಾಲ ಹರಡಿತ್ತು. ಖಾಲಿ ಮಾಡಿದರೆ ಆಗುತ್ತಿದ್ದುದು ತದ್ವಿರುದ್ಧ: ಯಾದಿ ಹರಿದುಹಾಕಿದ ಅಂಗಡಿಯವನ ಸ್ಥಿತಿ.

ಬೆಲೆ ಕೊಡದೆ ಸಿಗುವ ಓಪನ್ ಆಫೀಸ್ 2002ರಲ್ಲಿ ತನ್ನ ಮೊದಲ ಆವೃತ್ತಿಯನ್ನು ಹೊರತಂದಿತು. ಶಾಲೆಗಳಿಗೆ ಅದು ವರದಾನವಾಗಬೇಕಿತ್ತು, ಆದರೆ ನಿಧಾನವಾಗಿ ತೆರೆಯುವುದಕ್ಕೆ ಅದು ಹೆಸರಾಗಿತ್ತು. ಅದರವರು ಕೊಟ್ಟ ಉಪಾಯ ಕ್ವಿಕ್‌ಸ್ಟಾರ್ಟರ್. ಯಂತ್ರ ಚಾಲೂ ಆದೊಡನೆ ಗ್ರಂಥಾಲಯಗಳನ್ನು ತಂದು ಸ್ಮೃತಿಯಲ್ಲಿ ಇಟ್ಟುಬಿಡುವುದು. ಸ್ಮೃತಿ ಹೇರಳವಾಗಿದ್ದವರಿಗೆ ಇದು ಒಪ್ಪುವ ಉಪಾಯ. 128 ಮೆಗಾಬೈಟಿನ ಯಂತ್ರದಲ್ಲಿ ಮಾತ್ರ ಒಬ್ಬರಿಗಾಗಿ ಹಿಡಿದಿಟ್ಟ ಬೇಂಚಿನಂತೆ ಅದು ಉಳಿದವರ ಜಾಗವನ್ನು ತಿನ್ನುತ್ತಿತ್ತು.

ಲಿನಕ್ಸ್ ಬಳಗದಲ್ಲಿ ಇದೇ ಸಮಸ್ಯೆಯ ಎರಡನೆಯ ಅರ್ಧ, ಅಂದರೆ ವಿಳಾಸಗಳನ್ನು ಹೊಂದಿಸುವ ಕೆಲಸ, ಮುಂದಕ್ಕೆ ಬಂದಿತು. ಕೆ.ಡಿ.ಇ. ಎಂಬ ತಂತ್ರಾಂಶ ಸಮೂಹದ ವಾಲ್ಡೋ ಬಾಸ್ಟಿಯನ್ 2001ರಲ್ಲಿ ಒಂದು ಲೇಖನ ಬರೆದು, ಸಿ ಪ್ಲಸ್ ಪ್ಲಸ್ ಭಾಷೆಯ ಪ್ರೋಗ್ರಾಮುಗಳು ಆರಂಭದಲ್ಲಿ ಎಷ್ಟು ಹೊತ್ತನ್ನು ಬರಿಯ ಹೆಸರು ಹುಡುಕುವುದರಲ್ಲಿ ಕಳೆಯುತ್ತವೆಂದು ತೋರಿಸಿದರು. ಪ್ರೋಗ್ರಾಮು ತನಗೆ ಬೇಕಾದ ತುಣುಕನ್ನು ಹೆಸರಿನಿಂದ ಕೇಳುತ್ತದೆ. ಆ ಹೆಸರು ಯಾವ ಗ್ರಂಥಾಲಯದಲ್ಲಿದೆಯೆಂದು ಒಂದಾದ ಮೇಲೊಂದರಲ್ಲಿ ಹುಡುಕಬೇಕು. ಆ ಭಾಷೆಯಲ್ಲಿ ಹೆಸರುಗಳು ಉದ್ದ, ಮೊದಲ ಅರ್ಧವೆಲ್ಲ ಒಂದೇ ತೆರ. ಶಿಕ್ಷಕರಾದವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಕಡೆಯ ಹಾಜರಿ ಪುಸ್ತಕದಲ್ಲಿ ಶರಣಬಸಪ್ಪ ಎಂಬ ಹೆಸರು ನಾಲ್ಕಾರಾದರೂ ಇರುತ್ತದೆ. ತಂದೆಯ ಹೆಸರು, ಅಡ್ಡಹೆಸರಿನವರೆಗೆ ಓದದೆ ಇವನು ಯಾರೆಂದು ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಅಲ್ಲವೆ ನಾವು ಕ್ರಮಸಂಖ್ಯೆಯಿಂದ ಹಾಜರಿ ಕರೆಯುವುದು? 2006ರಲ್ಲಿ ಲಿನಕ್ಸಿನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿಗೆ ಬಂದ ಹೊಸ ಸೂಚಿಯು ಇದನ್ನೇ ಮಾಡಿತು. ಹೆಸರಿಗೆ ಬದಲು ಅದರಿಂದ ಹುಟ್ಟಿಸಿದ ಸಂಖ್ಯೆಯನ್ನು ಮೊದಲು ಹೋಲಿಸುವುದು, ಈ ಗ್ರಂಥಾಲಯದಲ್ಲಿ ಆ ಹೆಸರು ಇಲ್ಲವೇ ಇಲ್ಲ ಎಂಬುದನ್ನು ಬಹುತೇಕ ಸಂದರ್ಭಗಳಲ್ಲಿ ಒಂದೇ ನೋಟದಲ್ಲಿ ಹೇಳಿಬಿಡುವುದು.

ರೆಡ್ ಹ್ಯಾಟ್ ಕಂಪನಿಯ ಯಾಕುಬ್ ಯೆಲಿನೆಕ್ ಬರೆದ ಪ್ರೀಲಿಂಕ್ ಇನ್ನೊಂದು ದಾರಿ ಹಿಡಿಯಿತು. ಪ್ರತಿ ಸಲ ಹುಡುಕುವುದೇಕೆ? ಯಂತ್ರಕ್ಕೆ ಬಿಡುವಿದ್ದಾಗ ಎಲ್ಲ ಗ್ರಂಥಾಲಯಗಳಿಗೂ ಸ್ಮೃತಿಯಲ್ಲಿ ಒಂದೊಂದು ಸ್ಥಾನ ಗೊತ್ತುಮಾಡಿ, ವಿಳಾಸಗಳನ್ನು ಮೊದಲೇ ಹೊಂದಿಸಿ ಬರೆದಿಟ್ಟರಾಯಿತು. ಸೀಟು ಮೊದಲೇ ಕಾದಿರಿಸಿದ ಪ್ರಯಾಣಿಕನಂತೆ ಗ್ರಂಥಾಲಯವು ಬಂದು ತನ್ನ ಜಾಗದಲ್ಲಿ ಕೂಡುತ್ತದೆ. ಆದರೆ ಯಾರು ಎಲ್ಲಿ ಕೂಡುವರೆಂದು ಮೊದಲೇ ನಿಶ್ಚಯವಾದರೆ ಅದು ಕಳ್ಳನಿಗೂ ತಿಳಿಯುತ್ತದೆ. ಸೈಬರ್ ದಾಳಿಗಳು ಹೆಚ್ಚಿದಂತೆ ಗ್ರಂಥಾಲಯಗಳನ್ನು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಕೂಡಿಸುವ ಪದ್ಧತಿ ಬಂದು, ಪ್ರೀಲಿಂಕ್ ಹಿಂದೆ ಸರಿಯಿತು.

ಈಗ ನಮಗೆ ಹೆಚ್ಚು ಹತ್ತಿರದ ಸಂಗತಿಗೆ ಬರುತ್ತೇನೆ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲು ಸಿದ್ಧವಾಗುತ್ತದೆ. ಕನ್ನಡಕ್ಕೆ ಅಷ್ಟು ಸಾಲದು. ಕಾಗುಣಿತ ಕೂಡಬೇಕು, ಒತ್ತಕ್ಷರ ಕೆಳಗೆ ಇಳಿಯಬೇಕು, ಅರ್ಕಾವತ್ತು ಬಲಕ್ಕೆ ಸರಿಯಬೇಕು. ಇದನ್ನು ಮಾಡಲು ಬೇರೆಯೇ ಗ್ರಂಥಾಲಯ ಬೇಕು. ಲಿನಕ್ಸಿನಲ್ಲಿ ಆ ಕೆಲಸ ಮಾಡುತ್ತಿದ್ದುದು ಪ್ಯಾಂಗೊ. ಎಲ್ಲ ಎಂಬರ್ಥದ ಗ್ರೀಕ್ ಪದವನ್ನೂ ಭಾಷೆ ಎಂಬರ್ಥದ ಜಪಾನಿ ಪದವನ್ನೂ ಕೂಡಿಸಿ ಇಟ್ಟ ಹೆಸರು ಅದು. 2000ದ ದಶಕದಲ್ಲಿ ಲಿನಕ್ಸ್ ಬಳಸುವವರ ನಡುವೆ ಒಂದು ಸಲಹೆ ಓಡಾಡುತ್ತಿತ್ತು: ಫೈರ್‌ಫಾಕ್ಸ್ ಚುರುಕಾಗಬೇಕಾದರೆ ಪ್ಯಾಂಗೊವನ್ನು ಬಂದ್ ಮಾಡಿರಿ. ಇಂಗ್ಲಿಷ್ ಮಾತ್ರ ಓದುವವನಿಗೆ ಅದರಿಂದ ನಷ್ಟವಿರಲಿಲ್ಲ. ಆದರೆ ಹಾಗೆ ಮಾಡಿದ ಯಂತ್ರದಲ್ಲಿ ಕನ್ನಡದ ಪುಟ ತೆರೆದರೆ ಒತ್ತಕ್ಷರಗಳು ಕಳಚಿ ಬಿದ್ದು, ಓದಲು ಬಾರದ ಚೂರುಗಳು ಕಾಣುತ್ತಿದ್ದವು. ಯಾವ ಗ್ರಂಥ ಅನಾವಶ್ಯಕ ಎಂಬ ಪ್ರಶ್ನೆಗೆ ಉತ್ತರ, ಕೇಳುವವನು ಯಾವ ಭಾಷೆಯವನು ಎಂಬುದರ ಮೇಲೆ ನಿಂತಿರುತ್ತದೆ. ವೇಗಕ್ಕಾಗಿ ಕಪಾಟಿನಿಂದ ಮೊದಲು ಹೊರಬೀಳುವುದು ಎಣಿಕೆಯಲ್ಲಿ ಕಡಿಮೆ ಇರುವವರ ಪುಸ್ತಕ.

ಸಮಾಧಾನದ ಸಂಗತಿಯೆಂದರೆ, ನಮ್ಮ ಲಿಪಿಗಾಗಿ ದುಡಿದವರೇ ಕಾಯುವ ಹೊತ್ತನ್ನು ಕಡಿಮೆ ಮಾಡಲೂ ದುಡಿದರು. ಪ್ಯಾಂಗೊವನ್ನು ಆರಂಭಿಸಿದವರಲ್ಲಿ ಒಬ್ಬರಾದ ಓವನ್ ಟೇಲರ್ 2004ರಲ್ಲಿ, ಯಂತ್ರ ಎಚ್ಚರಾಗುವಾಗ ಯಾವ ಕ್ಷಣದಲ್ಲಿ ಏನು ನಡೆಯುತ್ತದೆಂಬುದನ್ನು ಚಿತ್ರವಾಗಿ ತೋರಿಸುವ ಸಾಧನ ಬೇಕೆಂದು ಬಳಗದ ಮುಂದೆ ಸವಾಲು ಇಟ್ಟರು. ಅದಕ್ಕೆ ಉತ್ತರವಾಗಿ ಬೂಟ್‌ಚಾರ್ಟ್ ಹುಟ್ಟಿತು. ತೋಳಿನ ಓಟದಲ್ಲಿ ಹೊತ್ತು ಎಷ್ಟು ಹೋಗುತ್ತದೆಂಬುದು ಎಲ್ಲರ ಕಣ್ಣಿಗೆ ಬಿದ್ದಿತು. ಮುಂದೆ ಪ್ಯಾಂಗೊವನ್ನು ನೋಡಿಕೊಂಡ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ 2005ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಪ್ರೀಲೋಡ್ ಎಂಬ ಸಾಧನ ಬರೆದರು. ಬಳಸುವವನು ಸಾಮಾನ್ಯವಾಗಿ ಯಾವುದರ ನಂತರ ಯಾವುದನ್ನು ತೆರೆಯುತ್ತಾನೆಂದು ಕಲಿತು, ಅದಕ್ಕೆ ಬೇಕಾದ ಗ್ರಂಥಾಲಯಗಳನ್ನು ಮುಂಚಿತವಾಗಿ ತಂದಿಡುವುದು ಅದರ ಕೆಲಸ. ಇದೇ ಬೆಹದಾದ್ ಮುಂದೆ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಗ್ರಂಥಾಲಯವನ್ನು ಕಟ್ಟಿ ಬೆಳೆಸಿದರು. ಹರ್ಫ್ ಎಂದರೆ ಅಕ್ಷರವೆಂದು ಉರ್ದು ಬಲ್ಲ ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ, ಬಾಜ್ ಎಂದರೆ ಪಾರ್ಸಿಯಲ್ಲಿ ತೆರೆದದ್ದು. ಇಂದು ಆಂಡ್ರಾಯ್ಡ್ ಫೋನುಗಳಲ್ಲಿ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸುಗಳಲ್ಲಿ ಕನ್ನಡದ ಒತ್ತಕ್ಷರವನ್ನು ಸರಿಯಾದ ಜಾಗದಲ್ಲಿ ಕೂಡಿಸುವುದು ಅದೇ.

ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾದಲ್ಲಿ 2010ರ ಸುಮಾರಿಗೆ ಟಾರಸ್ ಗ್ಲೆಕ್, ಮೈಕ್ ಹೊಮ್ಮೆ ಮೊದಲಾದವರು ಕೋಲ್ಡ್ ಸ್ಟಾರ್ಟ್ ಒಂದನ್ನೇ ಹಿಡಿದು ಕುಳಿತರು. ಅವರು ಕಂಡ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಪುಟಗಳನ್ನು ಸಾಲಾಗಿ ಕೇಳಿದರೆ ಲಿನಕ್ಸ್ ಮುಂದಿನ ಪುಟಗಳನ್ನು ತಾನಾಗಿಯೇ ಊಹಿಸಿ ತಂದಿಡುತ್ತದೆ. ಆದರೆ ಆರಂಭದಲ್ಲಿ ನಡೆಯಬೇಕಾದ ಪೂರ್ವಸಿದ್ಧತೆಯ ತುಣುಕುಗಳನ್ನು ಆಗಿನ ಜಿಸಿಸಿ ಕಂಪೈಲರು ಕೊನೆಯಿಂದ ಮೊದಲಿಗೆ ನಡೆಸುತ್ತಿತ್ತು. ಎಂದರೆ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಿದಂತೆ. ಮುಂದಿನ ಪುಟ ತಂದಿಟ್ಟುಕೊಂಡು ನಿಂತ ಭಂಡಾರಿಯ ಮುಂದೆ ಓದುಗ ಪ್ರತಿ ಸಲವೂ ಹಿಂದಿನ ಪುಟ ಕೇಳಿದರೆ ಅವನ ಶ್ರಮವೆಲ್ಲ ವ್ಯರ್ಥ. 2012ರ ಜಿಸಿಸಿ 4.7ರಲ್ಲಿ ಈ ಕ್ರಮ ನೇರವಾಯಿತು. 2011ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 4ರಲ್ಲಿ ಚದುರಿದ್ದ ಅನೇಕ ಸಣ್ಣ ಕಡತಗಳನ್ನು ಒಂದೇ ಕಟ್ಟಾಗಿ ಕಟ್ಟಿದರು. ಶಹಾಬಾದಿನಿಂದ ಪರಸಿ ತರುವವರು ಒಂದೊಂದು ಕಲ್ಲಿಗೆ ಒಂದೊಂದು ಲಾರಿ ಮಾಡುವುದಿಲ್ಲವಷ್ಟೆ.

ಹೊಮ್ಮೆಯವರ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಗ್ರಂಥಾಲಯದಲ್ಲಿ ತಿದ್ದಬೇಕಾದ ಪ್ರತಿ ವಿಳಾಸಕ್ಕೂ ಒಂದು ನಮೂದು ಇರುತ್ತದೆ. 64 ಬಿಟ್ ಯಂತ್ರದಲ್ಲಿ ಒಂದು ನಮೂದಿಗೆ 24 ಬೈಟು. ಒಂದು ಲಕ್ಷ ನಮೂದುಗಳಿದ್ದರೆ 24 ಲಕ್ಷ ಬೈಟು, ಪ್ರೋಗ್ರಾಮಿನ ಒಂದು ಸಾಲೂ ನಡೆಯುವ ಮುನ್ನ ಬರಿಯ ತಿದ್ದೋಲೆಯನ್ನೇ ಡಿಸ್ಕಿನಿಂದ ತರಬೇಕು. ತಿದ್ದಬೇಕಾದ ವಿಳಾಸಗಳು ಬಹುಮಟ್ಟಿಗೆ ಸಾಲಾಗಿ ಇರುವುದರಿಂದ, ಇಲ್ಲಿಂದ ಇಷ್ಟು ಎಂದು ಒಟ್ಟಿಗೆ ಬರೆದರೆ ಸಾಕೆಂದು ಅವರು ಎಲ್ಫ್‌ಹ್ಯಾಕ್ ಎಂಬ ಸಾಧನದಿಂದ ಮಾಡಿ ತೋರಿಸಿದರು. ಇದೇ ಜಾಡಿನ ವಿಚಾರವು ಮುಂದೆ ಬೇರೊಂದು ರೂಪದಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿ 2022ರ ಜಿಲಿಬ್‌ಸಿ 2.36ರಲ್ಲಿ ಸೇರಿತು. ಪ್ರೀಲಿಂಕಿನ ಬೆಂಬಲವನ್ನು ತೆಗೆದುಹಾಕಿದ್ದೂ ಅದೇ ಆವೃತ್ತಿಯಲ್ಲಿ.

ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ಈ ಶ್ರಮದ ಫಲ ತಲುಪಿದ ಬಗೆಯನ್ನೂ ಹೇಳಬೇಕು. 2011ರ ಹೊತ್ತಿಗೆ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಉಬುಂಟು ಲಿನಕ್ಸಿನ ಮೇಲೆ ತರಬೇತಿ ಆರಂಭವಾಯಿತು. ಪರವಾನಗಿಯ ಹಣವಿಲ್ಲದೆ, ಇದ್ದ ಯಂತ್ರಗಳಲ್ಲಿಯೇ ಕನ್ನಡದಲ್ಲಿ ಪಾಠ ಬರೆಯಲು ಶಿಕ್ಷಕರು ಕಲಿತರು. ಅವರ ಮುಂದೆ ತೆರೆದುಕೊಂಡ ಆ ತಂತ್ರಾಂಶದ ಹಿಂದೆ ಮೇಲೆ ಹೇಳಿದ ಹಲವು ಕೈಗಳ ಕೆಲಸವಿತ್ತು. ಅವರಲ್ಲಿ ಯಾರೂ ಸೇಡಮ್ಮನ್ನಾಗಲಿ ಚಿಂಚೋಳಿಯನ್ನಾಗಲಿ ಕಂಡವರಲ್ಲ.

ಈಗ ತೋಳಿಲ್ಲದ ಡಿಸ್ಕು ಬಂದಿದೆ. ಎಸ್.ಎಸ್.ಡಿ.ಯಲ್ಲಿ ಚದುರಿದ ಪುಟವನ್ನು ತರಲು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನ ಆಸುಪಾಸು ಸಾಕು. ಸಮಸ್ಯೆ ತೀರಿತೆಂದು ಹಲವರು ಹೇಳುತ್ತಾರೆ. ಹಾಗೇನಿಲ್ಲ. ಆಂಡ್ರಾಯ್ಡ್ 2008ರಲ್ಲಿ ಬಂದಾಗಿನಿಂದ ಝೈಗೋಟ್ ಎಂಬ ಏರ್ಪಾಡನ್ನು ನಂಬಿದೆ. ಅದು ನಮ್ಮ ಜೀವಶಾಸ್ತ್ರದ ಯುಗ್ಮಜವೇ. ಎಲ್ಲ ಆ್ಯಪುಗಳಿಗೂ ಬೇಕಾದ ಗ್ರಂಥಾಲಯಗಳನ್ನು ಒಮ್ಮೆ ತಂದಿಟ್ಟುಕೊಂಡು, ಪ್ರತಿ ಆ್ಯಪೂ ಅದರಿಂದ ಕವಲೊಡೆದು ಹುಟ್ಟುತ್ತದೆ. ಆದರೂ ಕಡಿಮೆ ಬೆಲೆಯ, ಕಡಿಮೆ ಸ್ಮೃತಿಯ ಫೋನಿನಲ್ಲಿ ಒಂದು ಆ್ಯಪಿನಿಂದ ಇನ್ನೊಂದಕ್ಕೆ ಹೋಗಿ ಮರಳಿ ಬರುವಷ್ಟರಲ್ಲಿ ಮೊದಲನೆಯದನ್ನು ಫೋನು ಹೊರಹಾಕಿರುತ್ತದೆ. ಮತ್ತೆ ಮೊದಲಿನಿಂದ ಆರಂಭ. ಅಂದು ಕರೆಂಟು ಮಾಡುತ್ತಿದ್ದ ಕೆಲಸವನ್ನು ಇಂದು ಸ್ಮೃತಿಯ ಕೊರತೆ ಮಾಡುತ್ತಿದೆ. ಪಹಣಿ ನೋಡಲು, ಫಲಿತಾಂಶ ನೋಡಲು, ಕೂಲಿಯ ಹಣ ಬಂದಿತೇ ಎಂದು ನೋಡಲು ಇಂಥ ಫೋನನ್ನೇ ನಂಬಿದವರು ನಮ್ಮ ತಾಲೂಕುಗಳಲ್ಲಿ ಬಹಳ.

ಆದ್ದರಿಂದ ತಂತ್ರಾಂಶದ ಉದ್ಯೋಗದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಮಾತು. ನೀವು ಬರೆದದ್ದನ್ನು ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ನೂರು ಸಲ ತೆರೆದು ನೋಡಿ ತೃಪ್ತರಾಗಬೇಡಿರಿ. ಊರಿಗೆ ಬಂದಾಗ ಅವ್ವನ ಫೋನಿನಲ್ಲಿಯೋ ಕಾಕಾನ ಹಳೆಯ ಗಣಕದಲ್ಲಿಯೋ ಹಾಕಿರಿ. ಅದನ್ನು ಪೂರ್ತಿಯಾಗಿ ಆರಿಸಿ, ಮತ್ತೆ ಹಚ್ಚಿ, ಕೈಯಲ್ಲಿ ಗಡಿಯಾರ ಹಿಡಿದು ಒಂದು ಸಲ ತೆರೆಯಿರಿ. ಆ ಮೊದಲ ಸಲ ಎಷ್ಟು ಹೊತ್ತಾಯಿತೋ ಅದೇ ನಿಮ್ಮ ಕೆಲಸದ ನಿಜವಾದ ಲೆಕ್ಕ. ಹೊತ್ತು ಹೆಚ್ಚಾಯಿತೆಂದರೆ ಹೊಸ ಫೋನು ಕೊಳ್ಳಿರೆಂದು ಅವರಿಗೆ ಹೇಳುವುದಕ್ಕೆ ಮುಂಚೆ ನಿಮ್ಮ ಕಪಾಟನ್ನು ಒಮ್ಮೆ ಓರಣ ಮಾಡಿ ನೋಡಿರಿ.